‘ಆಗುತ್ತೆ ಸಾರ್’: ದೊಡ್ಡ ಕಾಮಗಾರಿಗಳ ತಡ ಶುರುವಾಗೋದು ಎಲ್ಲಿಂದ?

ಜಪಾನಿನ ಫುಕುವೋಕಾ ನಗರದ ಆ ಎರಡು ಫೋಟೊ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಒಂದರಲ್ಲಿ ಹಕಾಟಾ ರೈಲು ನಿಲ್ದಾಣದ ಹತ್ತಿರದ ದೊಡ್ಡ ರಸ್ತೆ ಕುಸಿದು ಬಾಯಿ ತೆರೆದುಕೊಂಡಿದೆ. ಇನ್ನೊಂದರಲ್ಲಿ ಅದೇ ಜಾಗ: ಹೊಸ ಡಾಂಬರು, ಬಿಳಿ ಗೆರೆ, ಉರಿಯುತ್ತಿರುವ ಸಿಗ್ನಲ್. ನಡುವೆ ಒಂದೇ ವಾರ. 2016ರ ನವೆಂಬರ್ 8ರ ಬೆಳಗ್ಗೆ ಕುಸಿದ ರಸ್ತೆ 15ಕ್ಕೆ ಸಂಚಾರಕ್ಕೆ ಸಿದ್ಧವಾಗಿತ್ತು. ಕೆಳಗೆ ಯಾರಾದರೂ ಬರೆದೇ ಇರುತ್ತಾರೆ: ‘ನಮ್ಮಲ್ಲಾಗಿದ್ರೆ ಹೊಂಡದ ಸುತ್ತ ಟೇಪ್ ಕಟ್ಟೋಕೇ ಒಂದು ವಾರ ಬೇಕಿತ್ತು.’

ಆ ಫಾರ್ವರ್ಡ್‌ನಲ್ಲಿ ಅರ್ಧ ಕಥೆ ಮಾತ್ರ ಇದೆ. ರಸ್ತೆ ಕುಸಿದದ್ದೇ ಕೆಳಗೆ ನಡೆಯುತ್ತಿದ್ದ ಮೆಟ್ರೊ ಸುರಂಗದ ಕೆಲಸದಿಂದ. ನಾನಾಕುಮಾ ಮಾರ್ಗವನ್ನು ಹಕಾಟಾದವರೆಗೆ ಒಂದೂವರೆ ಕಿಲೋಮೀಟರಿನಷ್ಟು ಮುಂದುವರಿಸುವ ಕೆಲಸ ಅದು. ಅದು 2020ರ ಹೊತ್ತಿಗೆ ಮುಗಿಯಬೇಕಿತ್ತು. ಕೊನೆಗೆ ರೈಲು ಓಡಿದ್ದು 2023ರ ಮಾರ್ಚ್‌ನಲ್ಲಿ. ಮುಚ್ಚಿದ ರಸ್ತೆಯೂ ಕೆಲವೇ ದಿನಗಳಲ್ಲಿ ಮತ್ತೆ ಒಂದಿಷ್ಟು ಸೆಂಟಿಮೀಟರ್ ಕುಸಿದು, ಸಂಚಾರ ನಿಲ್ಲಿಸಿ ಪರೀಕ್ಷೆ ಮಾಡಬೇಕಾಯಿತು.

ವಾರದಲ್ಲಿ ಹೊಂಡ ಮುಚ್ಚಿದವರೂ ಅದೇ ಊರಿನವರು, ಮೆಟ್ರೊ ತಡ ಮಾಡಿದವರೂ ಅದೇ ಊರಿನವರು. ಹೊಂಡ ಮುಚ್ಚುವಾಗ ಏನು ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಯಾರ ಜಮೀನೂ ಬೇಕಿರಲಿಲ್ಲ, ಯಾರ ಒಪ್ಪಿಗೆಗೂ ಕಾಯಬೇಕಿರಲಿಲ್ಲ. ಸುರಂಗದ ಕಥೆ ಬೇರೆ. ಅಲ್ಲಿ ಮಣ್ಣು ಮೋಸ ಮಾಡಿತ್ತು. ತನಿಖೆಯಾಗಬೇಕು, ವಿನ್ಯಾಸ ಬದಲಾಗಬೇಕು, ಮತ್ತೆ ಅಗೆಯಲು ಅನುಮತಿ ಸಿಗಬೇಕು. ಹೀಗಾಗಿ ಆ ಎರಡು ಫೋಟೊ ನೋಡಿ ‘ಜಪಾನಿಯರ ಟೈಮ್ ಸೆನ್ಸ್’ ಅಂತ ಷರಾ ಬರೆಯೋದು ನನಗೆ ಸ್ವಲ್ಪ ಆತುರದ ಕೆಲಸ ಅನಿಸುತ್ತದೆ.

ಆ ಷರಾಕ್ಕೆ ಪಂಡಿತರ ಬೆಂಬಲವೇನೂ ಕಡಿಮೆ ಇಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಸಲಕ್ಕೆ ಒಂದೇ ಕೆಲಸ ಹಿಡಿದು ವೇಳಾಪಟ್ಟಿಗೆ ಕಟ್ಟುಬೀಳುವವರು ಒಂದು ಕಡೆ. ನಾಲ್ಕು ಕೆಲಸ ಒಟ್ಟಿಗೆ ಹಚ್ಚಿಕೊಂಡು, ಗಡಿಯಾರಕ್ಕಿಂತ ಎದುರಿಗಿರುವ ಮನುಷ್ಯನಿಗೆ ಬೆಲೆ ಕೊಡುವವರು ಇನ್ನೊಂದು ಕಡೆ. ಮನೋವಿಜ್ಞಾನಿ ರಾಬರ್ಟ್ ಲೆವೀನ್ 31 ದೇಶಗಳಲ್ಲಿ ಅಳತೆಯನ್ನೇ ಮಾಡಿಸಿದರು. ಜನ ಎಷ್ಟು ಬಿರುಸಾಗಿ ನಡೆಯುತ್ತಾರೆ, ಅಂಚೆ ಕಚೇರಿಯಲ್ಲಿ ಸ್ಟಾಂಪು ಕೊಡಲು ಎಷ್ಟು ಹೊತ್ತು, ಬ್ಯಾಂಕಿನ ಗೋಡೆ ಗಡಿಯಾರ ಎಷ್ಟು ಸರಿ. ಸ್ವಿಟ್ಜರ್ಲೆಂಡ್ ಮೊದಲು ಬಂತು. ಜರ್ಮನಿ, ಜಪಾನ್ ಅದರ ಬೆನ್ನಿಗೇ ಇದ್ದವು. ಬ್ರೆಜಿಲ್, ಇಂಡೋನೇಷ್ಯಾ, ಮೆಕ್ಸಿಕೊ ತೀರಾ ಕೊನೆಯಲ್ಲಿ. ನಡೆಯುವ ವೇಗದ ಲೆಕ್ಕವೇನೋ ಸರಿಯೇ ಇರಬಹುದು. ಆದರೆ ಕಟ್ಟುವ ವೇಗಕ್ಕೂ ಅದಕ್ಕೂ ಸಂಬಂಧ ಇದೆ ಅನ್ನುವವರು ಒಮ್ಮೆ ಬರ್ಲಿನ್ ಕಡೆ ನೋಡಬೇಕು.

ಬರ್ಲಿನ್-ಬ್ರಾಂಡೆನ್‌ಬರ್ಗ್ ವಿಮಾನ ನಿಲ್ದಾಣದ ಕೆಲಸ ಶುರುವಾದದ್ದು 2006ರಲ್ಲಿ. 2011ರ ಅಕ್ಟೋಬರ್‌ನಲ್ಲಿ ತೆರೆಯಬೇಕಿತ್ತು. ಅದು 2012ರ ಜೂನ್ 3ಕ್ಕೆ ಮುಂದೆ ಹೋಯಿತು. ಚಾನ್ಸಲರ್ ಬಂದು ಉದ್ಘಾಟನೆ ಮಾಡುವುದಿತ್ತು. ಏರ್‌ಲೈನ್‌ಗಳು ಆ ದಿನದಿಂದ ಟಿಕೆಟ್ ಮಾರಿದ್ದವು. ಅಂಗಡಿ ಹಾಕುವವರು ಆಳುಗಳನ್ನು ಗೊತ್ತು ಮಾಡಿಕೊಂಡಿದ್ದರು. ಹಳೇ ನಿಲ್ದಾಣದಿಂದ ಸಾಮಾನು ಸಾಗಿಸಲು ಲಾರಿಗಳ ಏರ್ಪಾಟೂ ಆಗಿತ್ತು. ಮೇ 8ರಂದು, ಅಂದರೆ ನಾಲ್ಕು ವಾರಕ್ಕೂ ಕಡಿಮೆ ಉಳಿದಿದ್ದಾಗ, ‘ತೆರೆಯೋಕೆ ಆಗಲ್ಲ’ ಅಂತ ಘೋಷಣೆಯಾಯಿತು.

ಕಾರಣ ಬೆಂಕಿ ಸುರಕ್ಷತೆಯ ವ್ಯವಸ್ಥೆ. ಚಾವಣಿಯ ಅಂದ ಕೆಡಬಾರದು ಅಂತ, ಬೆಂಕಿ ಬಿದ್ದರೆ ಹೊಗೆಯನ್ನು ಮೇಲಕ್ಕೆ ಬಿಡದೆ ನೆಲದ ಕೆಳಗಿನ ಕೊಳವೆಗಳಿಗೆ ಎಳೆದುಕೊಳ್ಳುವ ಯೋಜನೆ ಮಾಡಿದ್ದರು. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ ಅನ್ನುವುದು ಒಲೆ ಹಚ್ಚಿದವರಿಗೆಲ್ಲ ಗೊತ್ತು. ಅದನ್ನು ಕೆಳಕ್ಕೆ ಎಳೆಯಲು ದೊಡ್ಡ ಫ್ಯಾನುಗಳು, ಸಾವಿರಾರು ಬಾಗಿಲು, ಕವಾಟ, ಸೆನ್ಸರ್‌ಗಳು ಒಂದೇ ಕ್ಷಣಕ್ಕೆ ಮಾತಾಡಿಕೊಳ್ಳಬೇಕು. ಅವು ಮಾತಾಡಿಕೊಳ್ಳಲಿಲ್ಲ. ಆಗ ಒಂದು ತೇಪೆ ಹುಡುಕಿದರು: ನೂರಾರು ಜನರನ್ನು ಬಾಗಿಲ ಹತ್ತಿರ ನಿಲ್ಲಿಸುವುದು, ಬೆಂಕಿ ಬಿದ್ದರೆ ಫೋನಿನಲ್ಲಿ ಹೇಳಿ ಅವರ ಕೈಯಿಂದ ಬಾಗಿಲು ತೆಗೆಸುವುದು! ಅನುಮತಿ ಕೊಡುವ ಕಚೇರಿ ಇದನ್ನು ಒಪ್ಪಲಿಲ್ಲ. ಇಡೀ ಕೆಲಸವನ್ನು ಒಬ್ಬ ದೊಡ್ಡ ಗುತ್ತಿಗೆದಾರನಿಗೆ ಕೊಡಬೇಕೆಂದಿದ್ದವರು ದರ ಜಾಸ್ತಿಯಾಯಿತು ಅಂತ ತುಂಡು ತುಂಡು ಮಾಡಿ ಹಂಚಿದ್ದರು. ಕಟ್ಟುತ್ತಿರುವಾಗಲೇ ಟರ್ಮಿನಲ್ ದೊಡ್ಡದು ಮಾಡಲು ಹೊರಟರು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕೂಡಲಿಲ್ಲ. ನಿಲ್ದಾಣ ಕೊನೆಗೆ ತೆರೆದದ್ದು 2020ರ ಅಕ್ಟೋಬರ್ 31ರಂದು. ಅಲ್ಲಿಯವರೆಗೆ ನೆಲದಡಿಯ ರೈಲು ನಿಲ್ದಾಣದಲ್ಲಿ ಗಾಳಿ ಆಡಲಿ ಅಂತ ಖಾಲಿ ರೈಲು ಓಡಿಸುತ್ತಿದ್ದರು.

ಇದು ಜರ್ಮನಿಯ ಒಂಟಿ ಕಥೆಯೂ ಅಲ್ಲ. ಹ್ಯಾಂಬರ್ಗಿನ ಎಲ್ಬ್‌ಫಿಲ್‌ಹಾರ್ಮನಿ ಸಂಗೀತ ಭವನ 2010ಕ್ಕೆ ಮುಗಿಯಬೇಕಿತ್ತು, ತೆರೆದದ್ದು 2017ರಲ್ಲಿ. ಸ್ಟುಟ್‌ಗಾರ್ಟ್‌ನ ಹೊಸ ರೈಲು ನಿಲ್ದಾಣಕ್ಕೆ 2019ರ ಗಡುವಿತ್ತು, ಅದು ಇವತ್ತಿಗೂ ಮುಂದೆ ಹೋಗುತ್ತಲೇ ಇದೆ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬ್‌ಯಾರ್ಗ್ ದಶಕಗಳಿಂದ ಬೇರೆ ಬೇರೆ ದೇಶಗಳ ಸಾವಿರಾರು ಯೋಜನೆಗಳ ಲೆಕ್ಕ ಕೂಡಿಸುತ್ತಾ ಬಂದಿದ್ದಾರೆ. ಹೇಳಿದ ದುಡ್ಡಿನಲ್ಲೂ ಹೇಳಿದ ದಿನಕ್ಕೂ ಮುಗಿದವು ಅವರ ಪಟ್ಟಿಯಲ್ಲಿ ನೂರಕ್ಕೆ 8.5 ಮಾತ್ರ. ಹೇಳಿದಷ್ಟು ಉಪಯೋಗವೂ ಆಗಬೇಕು ಅಂದರೆ ನೂರಕ್ಕೆ 0.5, ಇನ್ನೂರಕ್ಕೆ ಒಂದು. ಅಂದರೆ ತಡವಾಗೋದೇ ಜಗತ್ತಿನ ವಾಡಿಕೆ.

ಈಗ ನಮ್ಮ ಕಡೆ ಬನ್ನಿ. 1964ರ ಡಿಸೆಂಬರ್‌ನಲ್ಲಿ ಚಂಡಮಾರುತ ಬಂದು, ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆಯ ನೂರಕ್ಕೂ ಹೆಚ್ಚು ಗರ್ಡರುಗಳು ಸಮುದ್ರ ಸೇರಿದವು. ರೈಲ್ವೆ ಆರು ತಿಂಗಳ ಗಡುವು ಕೊಟ್ಟಿತು. ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಆಗ ಮೂವತ್ತರ ಆಸುಪಾಸಿನಲ್ಲಿದ್ದ ರೈಲ್ವೆ ಇಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ಮುಗಿಸಿಕೊಟ್ಟರು. ದೆಹಲಿ ಮೆಟ್ರೊದ ಮೊದಲ ಹಂತದ 65 ಕಿಲೋಮೀಟರ್ ಅವರದೇ ಕೈಯಲ್ಲಿ ಗಡುವಿಗಿಂತ ಎರಡು ವರ್ಷಕ್ಕೂ ಮೊದಲೇ, 2005ರಲ್ಲಿ ಮುಗಿಯಿತು. ಇನ್ನು ದುಬೈ. ಬುರ್ಜ್ ಖಲೀಫಾ 2004ರಲ್ಲಿ ಶುರುವಾಗಿ 2010ರ ಜನವರಿಯಲ್ಲಿ ತೆರೆಯಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ದಕ್ಷಿಣ ಏಷ್ಯಾದವರು. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಮನೆಗಳಲ್ಲಿ ಗಲ್ಫಿನ ಸೈಟುಗಳಲ್ಲಿ ದುಡಿದು ಬಂದವರು ಒಬ್ಬರಾದರೂ ಸಿಗುತ್ತಾರೆ. ವಿಮಾನ ಹತ್ತಿದ ಕೂಡಲೇ ಅವರಿಗೆ ಹೊಸ ಟೈಮ್ ಸೆನ್ಸ್ ಬಂತೇ?

ಅಷ್ಟು ದೂರ ಯಾಕೆ, ನಮ್ಮ ಮದುವೆ ಮನೆಗಳನ್ನೇ ನೋಡಿ. ಬೆಳಗ್ಗೆ 9.10ರ ಮಿಥುನ ಲಗ್ನ ಅಂದರೆ 9.10ಕ್ಕೇ ಧಾರೆ. ಹುಡುಗಿಯ ಸೋದರಮಾವ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೂ ಪುರೋಹಿತರು ಕಾಯಲ್ಲ. ಅದೇ ಮನೆಯವರ ರಿಸೆಪ್ಷನ್ ಸಂಜೆ 6.30ಕ್ಕೆ ಅಂತ ಕಾರ್ಡಿನಲ್ಲಿದ್ದರೆ, ಎಂಟರವರೆಗೆ ಖಾಲಿ ಕುರ್ಚಿಗಳೇ. ತಪ್ಪಿದರೆ ನಷ್ಟ ಇದೆ ಅಂತ ಎಲ್ಲರೂ ಒಪ್ಪಿದ ಕಡೆ ನಾವು ನಿಮಿಷ ತಪ್ಪಲ್ಲ. ನಷ್ಟ ಯಾರದ್ದೂ ಅಲ್ಲದ ಕಡೆ ಎಳೆಯುತ್ತೇವೆ.

ದೊಡ್ಡ ಕಾಮಗಾರಿಗಳಿಗೆ ಇದನ್ನು ಹಚ್ಚಿ ನೋಡೋಣ. ಬೆಂಗಳೂರು ಮೆಟ್ರೊದ ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ, 19 ಕಿಲೋಮೀಟರ್. ಸಿಲ್ಕ್ ಬೋರ್ಡ್ ಮೇಲೆ, ಎಲೆಕ್ಟ್ರಾನಿಕ್ ಸಿಟಿ ಮೇಲೆ ಹಾದು ಹೋಗುವ ಲೈನು. ಕಂಬ ಎದ್ದವು, ಹಳಿ ಹಾಕಿದರು, ಸ್ಟೇಷನ್ನಿಗೆ ಬಣ್ಣವೂ ಆಯಿತು. ರೈಲೇ ಇಲ್ಲ! ಕೆಳಗೆ ಹೊಸೂರು ರಸ್ತೆಯ ಜಾಮ್‌ನಲ್ಲಿ ಕೂತವರು ಖಾಲಿ ಹಳಿ ನೋಡುತ್ತಾ ತಿಂಗಳು ಕಳೆದರು. ಬೋಗಿಗಳ ಗುತ್ತಿಗೆ 2019ರ ಕೊನೆಯಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಗಿತ್ತು. ಹೆಚ್ಚಿನ ಬೋಗಿ ಇಲ್ಲೇ ತಯಾರಾಗಬೇಕು ಅನ್ನುವ ಷರತ್ತಿತ್ತು. ಆಮೇಲೆ ಕೋವಿಡ್ ಬಂತು, ಗಡಿಯ ಗಾಲ್ವಾನ್‌ನಲ್ಲಿ ಭಾರತ-ಚೀನಾ ಸೈನಿಕರ ಘರ್ಷಣೆ ಆಯಿತು. ಚೀನೀ ಕಂಪನಿಯ ಕಾರ್ಖಾನೆ ಇಲ್ಲಿ ಏಳಲಿಲ್ಲ, ಅದರ ಇಂಜಿನಿಯರ್‌ಗಳಿಗೆ ವೀಸಾ ಸಿಗೋದು ಕಷ್ಟವಾಯಿತು. ಕೊನೆಗೆ ಕೋಲ್ಕತ್ತದ ಹತ್ತಿರದ ಟಿಟಾಗಢ ಕಂಪನಿ ಕೈಜೋಡಿಸಿತು. ಮೊದಲ ರೈಲು ಚೀನಾದಿಂದ ಬೆಂಗಳೂರಿಗೆ ಬಂದು ಇಳಿದದ್ದು 2024ರ ಫೆಬ್ರುವರಿಯಲ್ಲಿ. ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಅದೂ ಮೂರೇ ರೈಲಿನಿಂದ, 25 ನಿಮಿಷಕ್ಕೊಂದು.

ಇದರಲ್ಲಿ ಯಾವ ಹಂತದಲ್ಲಿ ‘ಭಾರತೀಯರ ಸಮಯಪ್ರಜ್ಞೆ’ ಕೆಲಸ ಮಾಡಿತು ಹೇಳಿ? ಗಾರೆ ಕೆಲಸದವರು, ವೆಲ್ಡರ್‌ಗಳು, ರಾತ್ರಿ ಪಾಳಿಯಲ್ಲಿ ಕ್ರೇನ್ ನಡೆಸಿದವರು ತಮ್ಮ ಪಾಲಿನದ್ದು ಮುಗಿಸಿದ್ದರು. ತಡವಾದದ್ದು ದೂರದ ಯಾವುದೋ ಕಡತದಲ್ಲಿ. ಆದರೆ ಒಂದು ಮಾತು ನಿಜ. ಆ ತಡ ಆಗುತ್ತದೆ ಅಂತ ಗೊತ್ತಿದ್ದವರು ಇದ್ದೇ ಇದ್ದರು. ಜನರಿಗೆ ಮಾತ್ರ ಹೊಸ ಹೊಸ ತಾರೀಖು ಸಿಗುತ್ತಲೇ ಹೋಯಿತು.

ನನ್ನ ತಕರಾರು ಇರುವುದು ಇಲ್ಲಿಯೇ. ತಡವಾಗಲಿ, ಎಲ್ಲ ಕಡೆಯೂ ಆಗುತ್ತದೆ. ತಡವಾಗುತ್ತದೆ ಅನ್ನುವ ಸುದ್ದಿ ಯಾಕೆ ಇಷ್ಟು ತಡವಾಗಿ ಬರುತ್ತದೆ?

ಯಾವುದಾದರೂ ಪ್ರಗತಿ ಪರಿಶೀಲನಾ ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ನೋಡಿ. ಉದ್ದ ಟೇಬಲ್ಲು, ಮೇಲೆ ಗೋಡಂಬಿ, ಬಿಸ್ಕತ್ತು, ನೀರಿನ ಬಾಟಲಿ. ಸಚಿವರು ಕೇಳುತ್ತಾರೆ: ‘ಏನ್ರೀ, ಯಾವಾಗ ಮುಗಿಸ್ತೀರಿ?’ ಚೀಫ್ ಇಂಜಿನಿಯರ್ ಪಕ್ಕದ ಇಇ (ಕಾರ್ಯಪಾಲಕ ಇಂಜಿನಿಯರ್) ಮುಖ ನೋಡುತ್ತಾರೆ. ಇಇ ಹಿಂದೆ ಫೈಲ್ ಹಿಡಿದು ನಿಂತ ಎಇಇ (ಅವರ ಕೈಕೆಳಗಿನ ಸಹಾಯಕ ಇಂಜಿನಿಯರ್) ಮುಖ ನೋಡುತ್ತಾರೆ. ಎಇಇ ಗುತ್ತಿಗೆದಾರನ ಕಡೆಯವನ ಮುಖ ನೋಡುತ್ತಾರೆ. ಅವನ ಮೂರು ಬಿಲ್ ಪಾಸಾಗಿಲ್ಲ, ಇನ್ನೂ ಎಂಟು ಮನೆ ತೆರವಾಗಿಲ್ಲ, ನೀರಿನ ಪೈಪ್ ಸ್ಥಳಾಂತರ ಮಾಡಬೇಕಾದ ಇಲಾಖೆಯವರು ಇವತ್ತಿನ ಸಭೆಗೇ ಬಂದಿಲ್ಲ. ಇಷ್ಟೆಲ್ಲ ಆ ನಾಲ್ವರಿಗೂ ಗೊತ್ತು. ಬರುವ ಉತ್ತರ: ‘ಮಾರ್ಚ್ ಒಳಗೆ ಆಗುತ್ತೆ ಸಾರ್.’ ಸಚಿವರಿಗೂ ಅದು ಆಗಲ್ಲ ಅಂತ ಗೊತ್ತು. ಆದರೂ ಹೊರಗೆ ಬಂದು ಮೈಕಿನ ಮುಂದೆ ‘ಮಾರ್ಚ್’ ಅನ್ನುತ್ತಾರೆ. ‘ಆಗಲ್ಲ ಸಾರ್, ಜಮೀನು ಕೊಟ್ಟ ದಿನದಿಂದ ಹದಿನೆಂಟು ತಿಂಗಳು ಬೇಕು’ ಅಂದವನಿಗೆ ಬಹುಮಾನವೇನೂ ಇಲ್ಲ. ಎಲ್ಲರ ಮುಂದೆ ಬೈಗುಳ ಇದೆ, ವರ್ಗಾವಣೆಯೂ ಇರಬಹುದು. ‘ಆಗುತ್ತೆ’ ಅಂದವನು ಮಾರ್ಚ್‌ವರೆಗೆ ಆರಾಮ. ಮಾರ್ಚ್ ಬಂದಾಗ ಮಳೆ ಇದೆ, ಚುನಾವಣೆ ಇದೆ, ಹೇಳೋಕೆ ಏನಾದರೂ ಸಿಗುತ್ತದೆ.

ಸಂಸ್ಕೃತಿ ಅನ್ನೋದು ನಿಜವಾಗಿ ಕೆಲಸ ಮಾಡುವುದು ಈ ಟೇಬಲ್ಲಿನ ಸುತ್ತ. ದೊಡ್ಡವರ ಮುಂದೆ ‘ಆಗಲ್ಲ’ ಅನ್ನೋದು ಒರಟುತನ ಅಂತ ನಮ್ಮ ಮನೆಗಳಲ್ಲೇ ಕಲಿಸಿರುತ್ತಾರೆ. ಆದರೆ ಇದೂ ನಮ್ಮದೊಂದೇ ಆಸ್ತಿಯಲ್ಲ. ಬರ್ಲಿನ್‌ನಲ್ಲಿ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾಗಿದ್ದವರು ನಗರದ ಮೇಯರ್. ಮಂಡಳಿಯ ತುಂಬ ರಾಜಕಾರಣಿಗಳು. ಸೈಟಿನಲ್ಲಿ ಬಾಗಿಲು ತೆರೆಯದಿರುವ ಸುದ್ದಿ ಮೇಲೆ ಹತ್ತುವಷ್ಟರಲ್ಲಿ ‘ಸ್ವಲ್ಪ ಸಮಸ್ಯೆ ಇದೆ, ಸರಿಹೋಗುತ್ತೆ’ ಅಂತ ಮೆತ್ತಗಾಗಿರುತ್ತಿತ್ತು. ಜರ್ಮನ್ ಭಾಷೆಯ ‘ಆಗುತ್ತೆ ಸಾರ್’ ಅದು, ಅಷ್ಟೇ.

ಶ್ರೀಧರನ್ ಕೊಂಕಣ ರೈಲ್ವೆಯಲ್ಲೂ ದೆಹಲಿಯಲ್ಲೂ ಕಚೇರಿ, ಸೈಟುಗಳಲ್ಲಿ ಉಲ್ಟಾ ಗಡಿಯಾರ ಹಾಕಿಸಿದ್ದರು. ಇನ್ನೆಷ್ಟು ದಿನ ಉಳಿದಿದೆ ಅಂತ ಅಂಕಿ ದಿನಾ ಇಳಿಯುತ್ತಿತ್ತು. ಅದನ್ನು ಶಿಸ್ತಿನ ಚಾಟಿ ಅಂತ ಹೊಗಳುವವರು ಜಾಸ್ತಿ. ನನಗೆ ಅದರ ಇನ್ನೊಂದು ಉಪಯೋಗ ಕಾಣುತ್ತದೆ: ಕೆಟ್ಟ ಸುದ್ದಿಯನ್ನು ಅದು ಗೋಡೆ ಮೇಲೆ ತಂದಿತು. ‘120 ದಿನ’ ಅಂತ ಬೋರ್ಡ್ ಇರುವಾಗ ನೂರೈವತ್ತು ದಿನದ ಕೆಲಸ ಬಾಕಿ ಇದ್ದರೆ ಯಾರ ಬಾಯಿಂದಲೂ ಹೇಳಿಸಬೇಕಾಗಿಲ್ಲ. ಜೊತೆಗೆ ಗುತ್ತಿಗೆದಾರರ ಬಿಲ್ ಬೇಗ ಪಾಸಾಗುತ್ತಿತ್ತು, ತೀರ್ಮಾನ ಮಾಡುವ ಅಧಿಕಾರ ಅವರ ಕೈಯಲ್ಲಿತ್ತು. ಇವೆರಡೂ ಇಲ್ಲದೆ ಬರೀ ಗಡಿಯಾರ ಹಾಕಿದರೆ ಅದೊಂದು ಅಲಂಕಾರ. ಹಾಗಂತ ಅವರೂ ಎಲ್ಲ ಕಡೆ ಗೆದ್ದಿಲ್ಲ. ಕೊಂಕಣ ರೈಲ್ವೆಯಲ್ಲಿ ಮೆದು ಮಣ್ಣಿನ ಸುರಂಗಗಳು ಮತ್ತೆ ಮತ್ತೆ ಕುಸಿದು, ಇಡೀ ಮಾರ್ಗ ಓಡಿದ್ದು 1998ರಲ್ಲಿ, ಅಂದುಕೊಂಡದ್ದಕ್ಕಿಂತ ತಡವಾಗಿ.

ಕೇಂದ್ರದ ಅಂಕಿಅಂಶ ಸಚಿವಾಲಯ 150 ಕೋಟಿ ಮೇಲಿನ ಯೋಜನೆಗಳ ಬಗ್ಗೆ ಪ್ರಕಟಿಸುತ್ತಾ ಬಂದ ವರದಿಗಳಲ್ಲಿ ತಡದ ಕಾರಣಗಳ ಪಟ್ಟಿಯೇ ಇರುತ್ತಿತ್ತು. ಭೂಸ್ವಾಧೀನ, ಅರಣ್ಯ-ಪರಿಸರ ಅನುಮತಿ, ಹಣ ಹೊಂದಿಸುವುದು, ವಿನ್ಯಾಸ ಅಂತಿಮವಾಗದಿರುವುದು, ಮಧ್ಯದಲ್ಲಿ ಯೋಜನೆ ಹಿಗ್ಗುವುದು, ಟೆಂಡರ್, ಯಂತ್ರ ಬರುವುದು ತಡವಾಗುವುದು, ನೆಲದಡಿಯ ಅಚ್ಚರಿಗಳು. ಇವುಗಳಲ್ಲಿ ಕೊನೆಯದೊಂದು ಬಿಟ್ಟರೆ ಉಳಿದವೆಲ್ಲ ಗುದ್ದಲಿ ಪೂಜೆಯ ದಿನವೇ ಗೊತ್ತಿರುವಂಥವು. ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿದ ಪ್ರಧಾನಿ 40 ತಿಂಗಳ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಅದೇ ವರ್ಷ ಮುಖ್ಯ ಗುತ್ತಿಗೆದಾರ ಕಂಪನಿ, ಅಡೆತಡೆ ಇಲ್ಲದ ಜಾಗ ಸಿಗಲಿಲ್ಲ ಅಂತ ಕೈತೊಳೆದುಕೊಂಡು ಹೊರಟಿತು. ಕೋರಮಂಗಲದ ಈಜಿಪುರ ಮೇಲ್ಸೇತುವೆ ಎರಡೂವರೆ ಕಿಲೋಮೀಟರ್‌ಗಿಂತ ಉದ್ದವಿಲ್ಲ. 2017ರಲ್ಲಿ ಶುರುವಾಗಿ 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆ ರದ್ದಾಯಿತು. ಹೊಸಬರು ಬರುವವರೆಗೆ ತುದಿಯಲ್ಲಿ ಕಂಬಿ ಕಾಣಿಸುವ ಬೋಳು ಕಂಬಗಳು ರಸ್ತೆ ಮಧ್ಯೆ ಹಾಗೇ ನಿಂತಿದ್ದವು.

ಜಪಾನಿನಲ್ಲೂ ಇಂಥದ್ದೇ. ಟೋಕಿಯೊದಿಂದ ನಗೋಯಾಗೆ ಹೋಗಬೇಕಾದ, ಅಯಸ್ಕಾಂತದ ಬಲದಲ್ಲಿ ತೇಲಿ ಓಡುವ ಮ್ಯಾಗ್ಲೆವ್ ರೈಲು 2027ಕ್ಕೆ ಓಡಬೇಕಿತ್ತು. ಸುರಂಗದಿಂದ ನಮ್ಮ ಓಯಿ ನದಿಯ ನೀರು ಬತ್ತುತ್ತದೆ ಅಂತ ಶಿಝುಓಕಾ ಪ್ರಾಂತ್ಯ ವರ್ಷಗಟ್ಟಲೆ ಒಪ್ಪಲಿಲ್ಲ. ಈಗ 2034ಕ್ಕಿಂತ ಮೊದಲು ಸಾಧ್ಯವಿಲ್ಲ ಅಂತ ಕಂಪನಿಯೇ ಹೇಳಿದೆ. ನೀರಿನ ಜಗಳ ನೋಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಈ ಸುದ್ದಿ ಹೊರಬಂದದ್ದು 2024ರ ಮಾರ್ಚ್‌ನಲ್ಲಿ, ಗಡುವಿಗೆ ಮೂರು ವರ್ಷ ಇರುವಾಗಲೇ.

ಹಾಗಾದರೆ ಆಷಾಢ, ರಾಹುಕಾಲ, ಹಬ್ಬ, ಮಳೆ? ಇವು ಕೆಲಸ ಕೆಡಿಸಲ್ವಾ? ಸುಮ್ನೆ ಬೈಯುತ್ತೇವೆ ಅನಿಸುತ್ತದೆ. ಆಷಾಢ ಯಾವಾಗ ಬರುತ್ತದೆ ಅಂತ ಪಂಚಾಂಗದಲ್ಲೇ ಇದೆ. ಬಿಹಾರದ ಹುಡುಗರು ಛಠ್ ಹಬ್ಬಕ್ಕೆ, ರಾಯಚೂರು-ಕಲಬುರಗಿ ಕಡೆಯವರು ಯುಗಾದಿಗೆ, ಊರಿನ ಜಾತ್ರೆಗೆ ಹೋಗುತ್ತಾರೆ ಅಂತ ಪ್ರತಿ ಮೇಸ್ತ್ರಿಗೂ ಗೊತ್ತು. ಹೋದವರು ಹೇಳಿದ ದಿನಕ್ಕೆ ಬರಲ್ಲ ಅಂತಲೂ ಗೊತ್ತು. ಅದಕ್ಕೇ ಅನುಭವಸ್ಥ ಮೇಸ್ತ್ರಿ ಮೋಲ್ಡಿಂಗ್ ಅನ್ನು ಹಬ್ಬದ ಹಿಂದಿನ ದಿನ ಹಾಕಿಸಿ, ಕ್ಯೂರಿಂಗ್‌ಗೆ ನೀರು ಬಿಡಲು ಒಬ್ಬನನ್ನು ಉಳಿಸಿಕೊಂಡು, ಉಳಿದವರನ್ನು ಊರಿಗೆ ಕಳಿಸುತ್ತಾನೆ. ಕಾಂಕ್ರೀಟು ಗಟ್ಟಿಯಾಗುವ ದಿನಗಳೂ ಹಬ್ಬದ ದಿನಗಳೂ ಒಟ್ಟಿಗೆ ಕಳೆಯುತ್ತವೆ. ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ. ರಂಜಾನ್ ತಿಂಗಳಲ್ಲಿ ದಿನಕ್ಕೆ ಎರಡು ಗಂಟೆ ಕಡಿಮೆ. ಗುತ್ತಿಗೆದಾರರು ಅದನ್ನೆಲ್ಲ ಕಳೆದೇ ವೇಳಾಪಟ್ಟಿ ಹಾಕುತ್ತಾರೆ. ಜೂನ್‌ನಲ್ಲಿ ಮಳೆ ಬಂತು ಅಂತ ನಮ್ಮ ವರದಿಗಳಲ್ಲಿ ಪ್ರತಿ ವರ್ಷ ಹೊಸದಾಗಿ ಬರೆಯುವುದು ಮಾತ್ರ ನನಗೆ ಅರ್ಥವಾಗಿಲ್ಲ.

ಹೆಚ್ಚು ಕಾಡುವ ಪಂಚಾಂಗ ಬೇರೆ ಇದೆ. ಐದು ವರ್ಷದ ಚುನಾವಣೆಯದ್ದು. ಯೋಜನೆ ಮಂಜೂರಾಗಬೇಕಾದರೆ ದುಡ್ಡೂ ದಿನವೂ ಕಡಿಮೆ ಇರಬೇಕು. ನಿಜ ಹೇಳಿದರೆ ಫೈಲ್ ಏಳಲ್ಲ. ಎತ್ತಿನಹೊಳೆ ಯೋಜನೆ 2012ರಲ್ಲಿ 8,323 ಕೋಟಿ ಇತ್ತು, ಈಗ 23,251 ಕೋಟಿ. ಜಪಾನಿನ ಮೊದಲ ಬುಲೆಟ್ ರೈಲೂ ಇದೇ ಜಾತಿ. 1964ರ ಅಕ್ಟೋಬರ್ 1ಕ್ಕೆ, ಒಲಿಂಪಿಕ್ಸ್‌ಗೆ ಮೊದಲು, ಸರಿಯಾಗಿ ಓಡಿತು. ಆದರೆ ರೈಲ್ವೆಯ ಅಧ್ಯಕ್ಷ ಸೋಗೊ ಶಿಂಜಿ ಒಪ್ಪಿಗೆ ಸಿಗಲಿ ಅಂತಲೇ ವೆಚ್ಚ ಕಡಿಮೆ ತೋರಿಸಿದ್ದರು. ಅದು ಹತ್ತಿರ ಹತ್ತಿರ ದುಪ್ಪಟ್ಟಾಯಿತು. 1963ರಲ್ಲೇ ಅವರು ಕುರ್ಚಿ ಬಿಡಬೇಕಾಯಿತು. ತಮ್ಮ ಕನಸಿನ ರೈಲಿನ ಉದ್ಘಾಟನೆಗೆ ಅವರಿಗೆ ಕರೆಯೇ ಇರಲಿಲ್ಲ.

ಜಮೀನು ಸಿಗದೆ ಆಗುವ ತಡಕ್ಕೆ ಹೆದ್ದಾರಿ ಪ್ರಾಧಿಕಾರ ಒಂದು ದಾರಿ ಹುಡುಕಿದೆ. ಬಹುಪಾಲು ಜಮೀನು ಕೈಗೆ ಬರುವವರೆಗೆ ‘ಕೆಲಸ ಶುರುವಾದ ದಿನ’ ಅಂತ ಅಧಿಕೃತವಾಗಿ ಗುರುತಿಸುವುದಿಲ್ಲ. ಗುತ್ತಿಗೆದಾರನ ಗಡಿಯಾರ ಆಮೇಲೆಯೇ ಓಡುತ್ತದೆ. ಒಳ್ಳೆಯ ನಿಯಮ, ಉಪನಗರ ರೈಲಿಗೂ ಇದು ಇದ್ದಿದ್ದರೆ ಅರ್ಧ ರಗಳೆ ತಪ್ಪುತ್ತಿತ್ತು. ಆದರೆ ಇದು ಗುತ್ತಿಗೆದಾರನ ಗಡಿಯಾರವನ್ನು ಮಾತ್ರ ಸರಿ ಮಾಡುತ್ತದೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ಜಮೀನಿನ ಅಂತಿಮ ಅಧಿಸೂಚನೆ ಬಂದದ್ದು 2007ರಲ್ಲಿ. ಆಮೇಲೆ ಅದರ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಬದಲಾಯಿತು. 2025ರಲ್ಲೂ ಪರಿಹಾರ ಎಷ್ಟು, ಯಾವ ರೂಪದಲ್ಲಿ ಅನ್ನುವ ಮಾತೇ ನಡೆಯುತ್ತಿತ್ತು. ಅಧಿಸೂಚನೆಯಾದ ಜಮೀನನ್ನು ಮಾರುವ ಹಾಗಿಲ್ಲ, ಮನೆ ಕಟ್ಟಿದರೆ ಉಳಿಯುವ ನಂಬಿಕೆಯಿಲ್ಲ, ಬ್ಯಾಂಕಿಗೆ ಅಡ ಇಡೋಕೂ ಕಷ್ಟ. ಕಾಮಗಾರಿಯ ದಿನಗಳ ಲೆಕ್ಕ ಶುರುವಾದಾಗ ಅದು ಸೊನ್ನೆಯಿಂದಲೇ ಶುರುವಾಗುತ್ತದೆ. ಆ ರೈತರು ಕಾದ ವರ್ಷಗಳನ್ನು ಬರೆಯೋಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.